ಎಷ್ಟು ಮಿಲಿಮೀಟರ್ ಚಳಿ?

ನೇತ್ರಾಣಿ ದ್ವೀಪದ ಸುತ್ತ ಅತಿ ತಣ್ಣನೆಯ ನೀರು ಸಿಗುವುದು ಚಳಿಗಾಲದಲ್ಲಲ್ಲ. ಹೊನ್ನಾವರದಲ್ಲೋ ಕುಮಟಾದಲ್ಲೋ ಹೀಗೆಂದರೆ ಯಾರೂ ಥಟ್ಟನೆ ಒಪ್ಪುವುದಿಲ್ಲ. ಜನವರಿಯ ಬೆಳಗಿನ ಜಾವ ಘಟ್ಟದ ಕಡೆಯಿಂದ ಬೀಸುವ ಗಾಳಿಗೆ ಕಿವಿ ಮುಚ್ಚಿ ಮಫ್ಲರ್ ಸುತ್ತಿಕೊಳ್ಳುವ ನಮಗೆ ಕಡಲೂ ಆಗ ಕೊರೆಯುತ್ತಿರಬೇಕು ಅನ್ನಿಸುತ್ತದೆ. ಮುರುಡೇಶ್ವರಕ್ಕೆ ಸ್ಕೂಬಾ ಡೈವಿಂಗಿಗೆ ಬರುವ ಬೆಂಗಳೂರಿನವರೂ ಇದೇ ಲೆಕ್ಕದಲ್ಲಿ ಕೇಳುತ್ತಾರೆ: ‘ಜನವರಿಯಲ್ಲಿ ಬರ್ತಿದ್ದೀವಿ, ದಪ್ಪ ಡೈವಿಂಗ್ ಸೂಟ್ ಬೇಕಾಗುತ್ತಾ?’ ಬೇಕಾಗುವುದಿಲ್ಲ. ಆಗ ಅಲ್ಲಿನ ನೀರು ಮೇಲಿನಿಂದ ತಳದವರೆಗೂ ಹೆಚ್ಚುಕಮ್ಮಿ 27–28 ಡಿಗ್ರಿ. ದಪ್ಪ ಸೂಟು ಬೇಕೆನಿಸುವುದಾದರೆ ಅದು ಮಳೆ ಹೊರಟುಹೋಗಿ ಡೈವಿಂಗ್ ಬೋಟುಗಳು ಮತ್ತೆ ಶುರುವಾಗುವ ದಿನಗಳಲ್ಲಿ, ಸೆಪ್ಟೆಂಬರ್ ಕೊನೆಗೆ, ಅಕ್ಟೋಬರಿನಲ್ಲಿ. ನೆತ್ತಿ ಸುಡುವ ಬಿಸಿಲಿರುವಾಗ.

ಕಾರಣ ಕಡಲಿನ ಒಳಗಿನದು. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ನಮ್ಮ ದಂಡೆಯುದ್ದಕ್ಕೂ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಮೇಲಿನ ನೀರು ದಂಡೆಯಿಂದ ಆಚೆ ಸರಿದಂತೆ ಆಳದ ನೀರು ಮೇಲೇರಿ ಆ ಜಾಗಕ್ಕೆ ಬರುತ್ತದೆ. ಈ ನೀರು ತಣ್ಣಗಿದೆ, ಅದರಲ್ಲಿ ಆಮ್ಲಜನಕ ಕಡಿಮೆ, ಪೋಷಕಾಂಶ ಹೇರಳ. ತಾರ್ಲೆ, ಬಂಗಡೆಗಳಿಗೆ ಮೇವು ಬೆಳೆಸುವುದು ಇದೇ. ಆದರೆ ಅದು ಪೂರ್ತಿ ಮೇಲೆ ಬಂದು ನಮ್ಮ ಕಾಲಿಗೆ ತಾಕುವುದಿಲ್ಲ. ಶರಾವತಿ, ಅಘನಾಶಿನಿ, ವೆಂಕಟಾಪುರದಂಥ ಹೊಳೆಗಳು ಮಳೆಗಾಲವಿಡೀ ಸುರಿದ ಸಿಹಿನೀರು ಹಗುರವಾದ್ದರಿಂದ ಮೇಲೆಯೇ ತೆಳ್ಳಗೆ ಹರಡಿಕೊಂಡಿರುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಕೂಡಲೇ ಆ ತೆಳು ಪದರ ಬಿಸಿಯಾಗುತ್ತದೆ, ಅಡಿಯದು ತಣ್ಣಗೇ ಉಳಿಯುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಕಾಂದೋಳಿ ಎದುರಿನ ಕಡಲಿನಲ್ಲಿ ವರ್ಷಗಟ್ಟಲೆ ಅಳೆದು ದಾಖಲಿಸಿದ್ದು ಈ ಪದರಗಳ ಕಥೆಯನ್ನೇ. ನವೆಂಬರ್ ಹೊತ್ತಿಗೆ ಪ್ರವಾಹ ತಿರುಗುತ್ತದೆ. ದಕ್ಷಿಣದ ಬೆಚ್ಚನೆಯ ನೀರು ಉತ್ತರಕ್ಕೆ ಬಂದು ತಣ್ಣೀರನ್ನು ಕೆಳಕ್ಕೂ ಆಚೆಗೂ ದಬ್ಬುತ್ತದೆ. ಹಾಗಾಗಿ ದಡದ ಮೇಲೆ ಚಳಿ ಶುರುವಾಗುವ ಹೊತ್ತಿಗೆ ಕಡಲಡಿಯ ಚಳಿ ಮುಗಿದಿರುತ್ತದೆ.

ಅಕ್ಟೋಬರಿನಲ್ಲಿ ಆಳಕ್ಕೆ ಇಳಿದವರಿಗೆ ಈ ಎರಡು ನೀರು ಕೂಡುವ ಗಡಿ ಗೊತ್ತಾಗಿಯೇ ಆಗುತ್ತದೆ. ಡೈವಿಂಗಿನವರು ಅದಕ್ಕೆ ಥರ್ಮೋಕ್ಲೈನ್ ಎನ್ನುತ್ತಾರೆ. ಕೈ ಕೆಳಗೆ ಚಾಚಿದರೆ ಬೆರಳು ಒಂದು ಋತುವಿನಲ್ಲಿ, ಮೊಣಕೈ ಇನ್ನೊಂದು ಋತುವಿನಲ್ಲಿ. ಮೇಲಕ್ಕೂ ಕೆಳಕ್ಕೂ ನಾಲ್ಕಾರು ಡಿಗ್ರಿ ಅಂತರ ಇರಬಹುದು. ಮೊದಲ ಸಲ ಇಳಿಯುವವರನ್ನು ಗೈಡುಗಳು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ, ಹಾಗಾಗಿ ಪ್ರವಾಸಿಗರು ಎಷ್ಟೋ ಸಲ ಈ ಗಡಿಯ ಮೇಲಿನಿಂದಲೇ ತಿರುಗಿ ಬರುತ್ತಾರೆ. ಸರ್ಟಿಫಿಕೇಟ್ ಪಡೆದು 18, 30 ಮೀಟರ್‌ವರೆಗೆ ಹೋಗುವವರು ಸೂಟಿನ ಬಗ್ಗೆ ಹೆಚ್ಚು ಯೋಚಿಸಬೇಕು. ಅವರು ಕೇಳಬೇಕಾದ್ದು ‘ಇವತ್ತು ಅಡಿಯಲ್ಲಿ ಎಷ್ಟು ಡಿಗ್ರಿ?’ ಎಂದು. ಹಿಂದಿನ ದಿನ ಇಳಿದ ಗೈಡಿನ ಕೈಯ ಡೈವ್ ಕಂಪ್ಯೂಟರಿನಲ್ಲಿ ಉತ್ತರ ಇರುತ್ತದೆ. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವುದು ಮೇಲ್ಮೈಯ ಲೆಕ್ಕ, ಅದರಿಂದ ಇಲ್ಲಿ ಪ್ರಯೋಜನವಿಲ್ಲ.

ನೇತ್ರಾಣಿ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು ಹತ್ತು ನಾಟಿಕಲ್ ಮೈಲು ದೂರದ ದ್ವೀಪ. ಇಂಗ್ಲಿಷರು ಪಿಜನ್ ಐಲ್ಯಾಂಡ್ ಎಂದು ಕರೆದದ್ದು, ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದು, 2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಬಂದಮೇಲೆ ಘಟ್ಟದ ಮೇಲಿನವರಿಗೂ ಪರಿಚಿತವಾದದ್ದು. ಅಲ್ಲಿಗೆ ಹೋಗುವವರೆಲ್ಲ ಬಾಡಿಗೆಯ 3 ಮಿಲಿಮೀಟರ್ ದಪ್ಪದ ಸೂಟ್ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಬೆಚ್ಚನೆಯ ನೀರಿಗೆ ಅದಾದರೂ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

28 ಡಿಗ್ರಿಯ ಕೋಣೆಯಲ್ಲಿ ನಾವು ಫ್ಯಾನ್ ಹಾಕಿಕೊಳ್ಳುತ್ತೇವೆ. 28 ಡಿಗ್ರಿಯ ನೀರಿನಲ್ಲಿ ಹೆಚ್ಚು ಕದಲದೆ ಒಂದು ಗಂಟೆ ಇದ್ದರೆ ನಡುಕ ಹತ್ತುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಬರಿಮೈಯಲ್ಲಿ ಸುಮ್ಮನಿರುವ ಮನುಷ್ಯ ಶಾಖ ಕಳೆದುಕೊಳ್ಳದೆ ಇರಬೇಕಾದರೆ ನೀರು 33–35 ಡಿಗ್ರಿ ಇರಬೇಕು, ಅಂದರೆ ಹೆಚ್ಚುಕಡಿಮೆ ಸ್ನಾನದ ನೀರು. ಅದಕ್ಕಿಂತ ತಣ್ಣನೆಯ ಯಾವ ಕಡಲಿನಲ್ಲೂ ಮೈ ಶಾಖ ಬಿಟ್ಟುಕೊಡುತ್ತಲೇ ಇರುತ್ತದೆ, ಬೇಗವೋ ನಿಧಾನವೋ ಅಷ್ಟೇ. ಜೊತೆಗೆ ಸಿಲಿಂಡರಿನ ಗಾಳಿ ಒಣ, ತಂಪು. ಪ್ರತಿ ಉಸಿರನ್ನೂ ಬಿಸಿ ಮಾಡಿ ತೇವ ಮಾಡುವ ಖರ್ಚು ಮೈಯದೇ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು ಹೆಕ್ಕುವವರು ಇದನ್ನು ಯಾರಿಂದಲೂ ಕೇಳಿ ತಿಳಿಯಬೇಕಿಲ್ಲ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಈ ಅಳಿವೆ ಕಡಲಿನಷ್ಟು ಆಳವಲ್ಲ, ಹಾಗಾಗಿ ಚಳಿಗಾಲದ ರಾತ್ರಿ ಅದರ ನೀರು ಕಡಲಿಗಿಂತ ಬೇಗ ತಣ್ಣಗಾಗುತ್ತದೆ. ತುಂಬುತೋಳಿನ ಹಳೇ ಅಂಗಿ ತೊಟ್ಟೇ ನೀರಿಗಿಳಿಯುವುದರಲ್ಲಿ ವಿವೇಕವಿದೆ. ಒದ್ದೆ ಬಟ್ಟೆ ಶಾಖ ಹಿಡಿದಿಡುವುದಿಲ್ಲ ನಿಜ, ಆದರೆ ಚರ್ಮಕ್ಕೆ ತಾಗಿದ ನೀರು ಕ್ಷಣಕ್ಷಣಕ್ಕೆ ಬದಲಾಗುವುದನ್ನು ತುಸು ತಡೆಯುತ್ತದೆ, ಬಿಸಿಲನ್ನೂ ಚಿಪ್ಪಿನ ಗೀರುಗಳನ್ನೂ ತಡೆಯುತ್ತದೆ. ಡೈವಿಂಗಿನವರು ದುಡ್ಡು ಕೊಟ್ಟು ಕೊಳ್ಳುವ ರ‍್ಯಾಶ್ ಗಾರ್ಡ್ ಮಾಡುವ ಕೆಲಸವೂ ಇಷ್ಟೇ.

ವೆಟ್‌ಸೂಟ್ ಇದಕ್ಕಿಂತ ಬೇರೆ. ಅದರ ಬಗ್ಗೆ ಎಲ್ಲರೂ ಹೇಳುವ ಮಾತೊಂದಿದೆ: ಒಳಗೆ ನುಗ್ಗಿದ ನೀರನ್ನು ಮೈ ಬಿಸಿ ಮಾಡುತ್ತದೆ, ಆ ಬಿಸಿನೀರೇ ನಮ್ಮನ್ನು ಬೆಚ್ಚಗಿಡುತ್ತದೆ ಎಂದು. ಇದು ಅರ್ಧ ಸತ್ಯವೂ ಅಲ್ಲ. ಒಳಗಿನ ನೀರು ಕರೆಯದೆ ಬಂದ ನೆಂಟ, ಅದು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಬೆಚ್ಚಗಿಡುವುದು ನಿಯೋಪ್ರೀನ್ ರಬ್ಬರಿನೊಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು. ಸೆಟ್ ದೋಸೆಯ ತೂತುಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ, ಅದಕ್ಕೇ ಸಾಗು ಹೀರಿಕೊಳ್ಳುತ್ತದೆ. ನಿಯೋಪ್ರೀನಿನಲ್ಲಿ ಪ್ರತಿ ಗುಳ್ಳೆಯೂ ಬಾಗಿಲಿಲ್ಲದ ಕೋಣೆ, ನೀರಿಗೆ ಒಳಗೆ ದಾರಿಯೇ ಇಲ್ಲ.

ಈ ರಬ್ಬರ್ ಹುಟ್ಟಿದ್ದು 1930ರಲ್ಲಿ, ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವಾಲೇಸ್ ಕ್ಯಾರೋಥರ್ಸ್ ಅವರ ತಂಡದಲ್ಲಿ. ಅದೇ ತಂಡ ಐದು ವರ್ಷದ ಮೇಲೆ ನೈಲಾನ್ ತಯಾರಿಸಿತು. ಇವತ್ತಿನ ಸೂಟುಗಳಲ್ಲಿ ನಿಯೋಪ್ರೀನಿಗೆ ಅಂಟಿಸಿದ ಬಟ್ಟೆ ಬಹುಪಾಲು ಅದೇ ನೈಲಾನ್. ಆದರೆ ವೆಟ್‌ಸೂಟಿನ ಯೋಚನೆ ಹೊಳೆದದ್ದು 1950ರ ದಶಕದ ಶುರುವಿನಲ್ಲಿ, ಅಣುಬಾಂಬ್ ಯೋಜನೆಯಲ್ಲಿ ದುಡಿದಿದ್ದ ಭೌತವಿಜ್ಞಾನಿ ಹ್ಯೂ ಬ್ರ್ಯಾಡ್ನರ್ ಅವರಿಗೆ. ಅಲ್ಲಿಯವರೆಗೆ ಎಲ್ಲರ ತಲೆಯಲ್ಲಿದ್ದದ್ದು ಒಂದೇ: ಬೆಚ್ಚಗಿರಬೇಕಾದರೆ ಒಣಗಿರಬೇಕು. ಮೈ ಒದ್ದೆಯಾದರೂ ಚಿಂತೆಯಿಲ್ಲ, ಹೊದಿಕೆಯೊಳಗೆ ಅನಿಲ ಇದ್ದರೆ ಸಾಕು ಎಂದು ಬ್ರ್ಯಾಡ್ನರ್ ಕಂಡುಕೊಂಡರು. ಈಗ ನಿಯೋಪ್ರೀನಿನ ಬದಲು ನೈಸರ್ಗಿಕ ರಬ್ಬರಿನ ಸೂಟುಗಳೂ ಬಂದಿವೆ. ನಮ್ಮ ಕರಾವಳಿಯ ತೋಟಗಳಲ್ಲಿ ಹಾಲು ಇಳಿಸುವ ಅದೇ ಜಾತಿಯ ಮರದ ರಬ್ಬರ್.

ನೀರು ಒಳಗೆ ಕಡಿಮೆ ಇರಬೇಕು ಎಂಬುದು ಅರ್ಥವಾದರೆ ಸೂಟ್ ಆರಿಸುವ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಮೈಗೆ ಸರಿಯಾಗಿ ಕೂತ 3 ಮಿಲಿಮೀಟರ್ ಸೂಟ್, ಸಡಿಲವಾದ 5 ಮಿಲಿಮೀಟರ್ ಸೂಟಿಗಿಂತ ಬೆಚ್ಚಗೆ. ಅಂಗಡಿಯವರು ದಪ್ಪ ಮಾರುತ್ತಾರೆ, ನೀವು ಅಳತೆ ಕೊಳ್ಳಬೇಕು. ತೊಟ್ಟು ನಿಂತಾಗ ಬೆನ್ನಿನ ಕೆಳಗಿನ ತಗ್ಗಿನಲ್ಲಿ ಕೈಯಿಟ್ಟು ಒತ್ತಿ ನೋಡಿ. ಒಳಗೆ ಗಾಳಿ ಪುಸ್ಸೆಂದರೆ ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಕಂಕುಳು, ತೊಡೆಸಂದು, ಕತ್ತಿನ ಹಿಂಭಾಗ ಇವು ಉಳಿದ ಮೂರು ಕಳ್ಳದಾರಿ. ಎರಡೂ ಕೈ ಮೇಲೆತ್ತಿ, ಕುಕ್ಕರುಗಾಲಲ್ಲಿ ಕೂತು, ಎದೆ ತುಂಬ ಉಸಿರು ಎಳೆದು ನೋಡಬೇಕು. ಒಣಗಿರುವಾಗ ತುಸು ಬಿಗಿ ಅನ್ನಿಸುವುದು ಸರಿ, ನೀರಿಗಿಳಿದರೆ ಸಡಿಲುತ್ತದೆ. ಕತ್ತಿನ ಬಿಗಿಯ ಮಾತು ಮಾತ್ರ ಬೇರೆ. ಅಲ್ಲಿ ಅತಿಯಾಗಿ ಒತ್ತಿದರೆ ಕತ್ತಿನ ರಕ್ತನಾಳದ ಒತ್ತಡ ಅಳೆಯುವ ನರಗಳು ಮೋಸಹೋಗಿ ಎದೆಬಡಿತ ನಿಧಾನವಾಗುತ್ತದೆ, ತಲೆ ಸುತ್ತುತ್ತದೆ. ದೋಣಿಯ ಮೇಲೆ ಸೂಟ್ ತೊಟ್ಟ ಹತ್ತು ನಿಮಿಷಕ್ಕೆ ತಲೆ ಸುತ್ತಿದರೆ ಅದನ್ನೆಲ್ಲ ಕಡಲ ಕಾಯಿಲೆಯ ಲೆಕ್ಕಕ್ಕೆ ಬರೆಯಬೇಡಿ, ಮೊದಲು ಕತ್ತಿನ ಜಿಪ್ ಇಳಿಸಿ.

ಬಾಡಿಗೆ ಸೂಟಿನ ತೊಂದರೆ ಇಲ್ಲಿಯೇ. ಅದು ಸ್ಮಾಲ್, ಮೀಡಿಯಮ್, ಲಾರ್ಜ್ ಎಂದು ಪಾಶ್ಚಾತ್ಯ ಮೈಕಟ್ಟಿಗೆ ಕತ್ತರಿಸಿದ್ದು. ಎತ್ತರ ಸರಿಹೋದರೆ ಹೊಟ್ಟೆ ಹೊಂದದು, ಹೊಟ್ಟೆ ಹೊಂದಿದರೆ ಮಣಿಕಟ್ಟಿನಲ್ಲಿ ಮಡಿಕೆ. ನೂರಾರು ಜನ ತೊಟ್ಟು ಎಳೆದು ಮಣಿಕಟ್ಟು, ಕಣಕಾಲು ಜಾಳಾಗಿರುತ್ತವೆ. ಒಮ್ಮೆ ಇಳಿದು ಹೋಗುವವರಿಗೆ ಅದು ಸಾಕು. ವರ್ಷಕ್ಕೆ ಹತ್ತಾರು ಸಲ ಇಳಿಯುವವರು ಸಿಲಿಂಡರ್, ರೆಗ್ಯುಲೇಟರ್‌ಗಿಂತ ಮೊದಲು ಕೊಳ್ಳಬೇಕಾದ್ದು ಸೂಟ್ ಎಂಬುದು ನನ್ನ ಅಭಿಪ್ರಾಯ. ಅವೆರಡೂ ಎಲ್ಲರಿಗೂ ಹೊಂದುತ್ತವೆ. (ಇಷ್ಟು ಬಿಗಿಯಾದದ್ದನ್ನು ತೊಡುವುದು ಹೇಗೆ ಎಂದರೆ, ಪಾದಕ್ಕೊಂದು ಪ್ಲಾಸ್ಟಿಕ್ ಕೊಟ್ಟೆ ಸಿಕ್ಕಿಸಿಕೊಂಡರೆ ಕಾಲು ಸರಾಗವಾಗಿ ಜಾರುತ್ತದೆ. ಕೊಟ್ಟೆ ಕಡಲಿಗೆ ಹಾರದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.)

ಅಳತೆಯ ಬೆನ್ನಿಗೇ ಹೊಲಿಗೆ ನೋಡಬೇಕು. ಅಗ್ಗದ ಸೂಟಿನಲ್ಲಿ ಸೂಜಿ ಆಚೆಯಿಂದ ಈಚೆಗೆ ತೂರಿರುತ್ತದೆ, ಒಂದೊಂದು ತೂತೂ ನೀರಿನ ದಾರಿ. ಬೆಚ್ಚನೆಯ ನೀರಿಗೆ ಇದರಿಂದ ನಷ್ಟವಿಲ್ಲ. ತಣ್ಣೀರಿಗೆ ಬೇಕಾದ್ದು ಅಂಚುಗಳನ್ನು ಮೊದಲು ಅಂಟಿಸಿ, ಸೂಜಿ ಅರ್ಧ ದಪ್ಪದವರೆಗೆ ಮಾತ್ರ ಹೋಗುವಂತೆ ಹೊಲಿದದ್ದು. ಒಳಗಿನಿಂದ ಪಟ್ಟಿ ಅಂಟಿಸಿದ್ದರೆ ಇನ್ನೂ ಒಳ್ಳೆಯದು. ಜಿಪ್ಪಿನ ಹಿಂದೆ ಅಗಲ ಪಟ್ಟಿಯೊಂದು ಇಲ್ಲದಿದ್ದರೆ ಬೆನ್ನುಮೂಳೆಯ ಉದ್ದಕ್ಕೂ ತಣ್ಣೀರು ಇಳಿಯುವುದು ಖಂಡಿತ.

ಇನ್ನು ದಪ್ಪ. ನೀರು 27 ಡಿಗ್ರಿಗಿಂತ ಮೇಲಿದ್ದರೆ 3 ಮಿಲಿಮೀಟರ್ ಧಾರಾಳ. 22ರಿಂದ 26ಕ್ಕೆ 5 ಮಿಲಿಮೀಟರ್. 16ರಿಂದ 21ಕ್ಕೆ 7 ಮಿಲಿಮೀಟರ್, ಜೊತೆಗೆ ತಲೆಗೆ ಹುಡ್, ಕಾಲಿಗೆ ಬೂಟಿ, ಕೈಗವಸು. 12 ಡಿಗ್ರಿಗಿಂತ ಕೆಳಗೆ ವೆಟ್‌ಸೂಟಿನ ಮಾತೇ ಬೇಡ. ಈ ಲೆಕ್ಕ ಎಲ್ಲರ ಮೈಗೂ ಒಂದೇ ಅಲ್ಲ. ತೆಳ್ಳಗಿನವರು, ಮಕ್ಕಳು ಬೇಗ ನಡುಗುತ್ತಾರೆ. ದಿನಕ್ಕೆ ಮೂರು ನಾಲ್ಕು ಸಲ ಇಳಿದು, ಕಲಿಯುವವರ ಪಕ್ಕ ಹೆಚ್ಚು ಈಜದೆ ನಿಲ್ಲಬೇಕಾದ ಗೈಡಿಗೆ ಜನವರಿಯ ನೇತ್ರಾಣಿಯಲ್ಲೂ 5 ಮಿಲಿಮೀಟರ್ ಬೇಕೆನಿಸಬಹುದು, ಅದೇ ನೀರಿನಲ್ಲಿ ಪ್ರವಾಸಿಗೆ 3 ಹೆಚ್ಚೇ. ಹಾಗಾಗಿ ಗೈಡ್ ಏನು ತೊಟ್ಟಿದ್ದಾರೆಂದು ನೋಡಿ ನಕಲು ಮಾಡುವುದರಲ್ಲಿ ಅರ್ಥವಿಲ್ಲ.

ಪೆಟ್ಟಿಗೆಯ ಮೇಲೆ ಬರೆದ ದಪ್ಪ ದಡದ ಮೇಲಿನದು ಎಂಬುದನ್ನೂ ಮರೆಯಬಾರದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಇಪ್ಪತ್ತರಲ್ಲಿ ಮೂರು ಪಟ್ಟು. ಗುಳ್ಳೆಗಳು ಅರ್ಧಕ್ಕೆ, ಮೂರನೇ ಒಂದಕ್ಕೆ ಕುಗ್ಗುತ್ತವೆ. ಅಂದರೆ ಥರ್ಮೋಕ್ಲೈನಿನ ಕೆಳಗೆ, ಸೂಟ್ ಅತಿ ಹೆಚ್ಚು ಬೇಕಾದಲ್ಲೇ ಅದು ಅತಿ ತೆಳ್ಳಗಾಗಿರುತ್ತದೆ. ಇದರ ಇನ್ನೊಂದು ಮುಖ ಸೀಸದ ತೂಕ. ದಪ್ಪ ಸೂಟ್ ಮೇಲೆ ತೇಲಿಸುತ್ತದೆ, ಮುಳುಗಲು ಸೊಂಟಕ್ಕೆ ಹೆಚ್ಚು ಸೀಸ ಕಟ್ಟಬೇಕು. ಕೆಳಗೆ ಹೋದಮೇಲೆ ಸೂಟಿನ ತೇಲುವ ಗುಣ ಹೋಗಿ ಸೀಸ ಮಾತ್ರ ಉಳಿಯುತ್ತದೆ, ಅದನ್ನು ಗಾಳಿ ತುಂಬುವ ಜಾಕೆಟ್ ಹೊರಬೇಕು. ಹೊಸ ಸೂಟ್ ತೊಟ್ಟ ದಿನ ಹಳೇ ಲೆಕ್ಕದ ತೂಕ ಕಟ್ಟಿಕೊಂಡು ಇಳಿಯಬಾರದು. ಸಿಲಿಂಡರ್ ಬಹುಪಾಲು ಖಾಲಿಯಾದಾಗ ಐದು ಮೀಟರಿನಲ್ಲಿ ಮೇಲೂ ಹೋಗದೆ ಕೆಳಗೂ ಇಳಿಯದೆ ನಿಲ್ಲಲು ಆಗುವಷ್ಟೇ ಸರಿಯಾದ ತೂಕ.

ಭಟ್ಕಳದವರಿಗೆ ಇದರಲ್ಲಿ ಇನ್ನೊಂದು ವಿಶೇಷವಿದೆ. ಊರಿನ ಎಷ್ಟೋ ಮನೆಗಳ ಮಕ್ಕಳು ದುಬೈ, ಕುವೈತ್‌ಗಳಲ್ಲಿದ್ದಾರೆ. ಕೊಲ್ಲಿ ಎಂದರೆ ಸುಡುವ ನೆಲ, ನೀರೂ ಹಾಗೇ ಎಂಬುದು ನಮ್ಮ ಎಣಿಕೆ. ಆಗಸ್ಟಿನಲ್ಲಿ ಅದು ನಿಜವೇ, ದುಬೈ ಕಡಲು 33–34 ಡಿಗ್ರಿಗೆ ಏರುತ್ತದೆ. ಫೆಬ್ರವರಿಯಲ್ಲಿ ಅದೇ ಕಡಲು 21–22ಕ್ಕೆ ಇಳಿಯುತ್ತದೆ, ಕುವೈತ್ ಕಡೆ 15–16ಕ್ಕೆ. ಪರ್ಷಿಯನ್ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ. ಸುತ್ತ ನೆಲ, ಮೇಲಿನಿಂದ ಶಮಾಲ್ ಎಂಬ ವಾಯುವ್ಯದ ಗಾಳಿ. ಅರಬ್ಬೀ ಸಮುದ್ರದ ಅಗಾಧ ನೀರು ಕಾಯುವ ಹಾಗೆ ಅದು ಶಾಖ ಕಾಯಲಾರದು. ನೇತ್ರಾಣಿಯಲ್ಲಿ ಕಲಿತು, ಇಲ್ಲಿಯ 3 ಮಿಲಿಮೀಟರ್ ಸೂಟನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಫೆಬ್ರವರಿಯಲ್ಲಿ ಅಲ್ಲಿ ಇಳಿಯುವವರು ಮೊದಲರ್ಧ ಗಂಟೆಯಲ್ಲೇ ಮೇಲೆ ಬರುತ್ತಾರೆ.

ಅಲ್ಲಿ ಮೊದಲು ಸೇರಿಸಬೇಕಾದ್ದು ಹುಡ್. ಮೈಯ ಶಾಖದ ಅರ್ಧ ತಲೆಯಿಂದ ಹೋಗುತ್ತದೆ ಎಂಬ ಮಾತು ಸುಳ್ಳು. ತಲೆ ಮೈಯ ಹತ್ತನೇ ಒಂದು ಭಾಗದಷ್ಟಿದೆ, ಹೆಚ್ಚುಕಡಿಮೆ ಅಷ್ಟೇ ಕಳೆಯುತ್ತದೆ. ಆದರೆ ಉಳಿದದ್ದನ್ನೆಲ್ಲ 5 ಮಿಲಿಮೀಟರ್ ಮುಚ್ಚಿದಾಗ ತೆರೆದ ತಲೆಯೊಂದೇ ಉಳಿಯುತ್ತದೆ. ಕತ್ತಿನವರೆಗೆ ಬರುವ ಹುಡ್ ತೋಳಿಲ್ಲದ ಬನಿಯನ್ನಿಗೆ ಸೇರಿಕೊಂಡೇ ಬರುವುದುಂಟು. ಅದನ್ನು ಸೂಟಿನ ಒಳಗೆ ತೊಟ್ಟರೆ ಎದೆಗೆ ಎರಡು ಪದರ, ಕತ್ತಿನ ಕಳ್ಳದಾರಿಯೂ ಬಂದ್. ಬೇರೆ ಬೇರೆ ಊರಿನ ನೀರಿಗೆ ಹೋಗುವವರಿಗೆ 5 ಮಿಲಿಮೀಟರ್ ಸೂಟ್ ಒಂದು, ಈ ಬನಿಯನ್ ಒಂದು ಇದ್ದರೆ ಏಷ್ಯಾದ ಬಹುಪಾಲು ಬೆಚ್ಚನೆಯ ಕಡಲುಗಳು ಮುಗಿಯುತ್ತವೆ. 7 ಮಿಲಿಮೀಟರ್ ಕೊಂಡು ವರ್ಷಕ್ಕೊಮ್ಮೆ ಬಳಸುವುದು ನನಗೆ ದಂಡವೆನಿಸುತ್ತದೆ.

ಇನ್ನೂ ತಣ್ಣಗಿನ ನೀರಿದೆ. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ, ಎರಡು ಭೂಫಲಕಗಳ ನಡುವೆ, ವರ್ಷವಿಡೀ 2–4 ಡಿಗ್ರಿ. ಯುರೋಪಿನಲ್ಲಿರುವ ಕನ್ನಡದ ಹುಡುಗರು ರಜೆಗೆ ಹೋಗಿ ಹಾಕುವ ಫೋಟೋಗಳಲ್ಲಿ ಉಬ್ಬಿದ ಬಟ್ಟೆ ತೊಟ್ಟು ನಿಂತಿರುತ್ತಾರಲ್ಲ, ಅದು ಡ್ರೈಸೂಟ್. ಕೊರಳಿಗೂ ಮಣಿಕಟ್ಟಿಗೂ ನೀರು ನುಗ್ಗದ ರಬ್ಬರ್ ಪಟ್ಟಿ, ಒಳಗೆ ಉಣ್ಣೆಯಂಥ ಬಟ್ಟೆ, ಸಿಲಿಂಡರಿನಿಂದ ಬಿಡುವ ಗಾಳಿ. ಬ್ರ್ಯಾಡ್ನರ್ ಕೈಬಿಟ್ಟ ಒಣಮೈಯ ಯೋಚನೆ ಇಲ್ಲಿ ಮತ್ತೆ ಬರುತ್ತದೆ. ಕಷ್ಟವೆಂದರೆ, ಮೇಲೇರುವಾಗ ಒಳಗಿನ ಗಾಳಿ ಹಿಗ್ಗುತ್ತದೆ, ಸಮಯಕ್ಕೆ ಬಿಡದಿದ್ದರೆ ತಡೆಯಲಾಗದಂತೆ ಮೇಲಕ್ಕೆ ಎಸೆಯುತ್ತದೆ. ಅದಕ್ಕೇ ಸಿಲ್ಫ್ರಾದಲ್ಲಿ ಡೈವ್ ಮಾಡಬೇಕೆನ್ನುವವರಿಗೆ ಡ್ರೈಸೂಟ್ ತರಬೇತಿಯ ಅಥವಾ ಅನುಭವದ ದಾಖಲೆ ಕೇಳುತ್ತಾರೆ. ನೇತ್ರಾಣಿಯ ಸರ್ಟಿಫಿಕೇಟ್ ಒಂದೇ ಅಲ್ಲಿ ಸಾಲದು.

ಚಳಿ ಬರೀ ಸುಖದ ಪ್ರಶ್ನೆಯಲ್ಲ ಎಂಬುದಕ್ಕೆ ಅಮೆರಿಕದ ನೌಕಾಪಡೆಯ ಪ್ರಯೋಗವೊಂದಿದೆ, 2007ರಲ್ಲಿ ಪ್ರಕಟವಾದದ್ದು. ಆಳದಲ್ಲಿ ಬೆಚ್ಚಗಿದ್ದು ಮೇಲೇರುವಾಗ ತಣ್ಣಗಾದವರಲ್ಲಿ ನೈಟ್ರೋಜನ್ ಗುಳ್ಳೆಗಳಿಂದಾಗುವ ಕಾಯಿಲೆ ಹೆಚ್ಚು. ಆಳದಲ್ಲಿ ತಣ್ಣಗಿದ್ದು ಏರುವಾಗ ಬೆಚ್ಚಗಿದ್ದವರಲ್ಲಿ ಬಹಳ ಕಡಿಮೆ. ಬೆಚ್ಚನೆಯ ರಕ್ತ ಅನಿಲವನ್ನು ಒಳಗೂ ಬೇಗ ತರುತ್ತದೆ, ಹೊರಗೂ ಬೇಗ ಒಯ್ಯುತ್ತದೆ. ನಡುಗುತ್ತ ಏರುವವರು ಆ ಹೊರದಾರಿಯನ್ನು ಕಿರಿದು ಮಾಡಿಕೊಂಡಿರುತ್ತಾರೆ. ಸೂಟ್ ಮೊದಲ ಹತ್ತು ನಿಮಿಷಕ್ಕೆ ಸಾಕೇ ಎಂದು ನೋಡುವುದಲ್ಲ, ಕೊನೆಯ ಹತ್ತು ನಿಮಿಷಕ್ಕೆ ಸಾಕೇ ಎಂದು ನೋಡಬೇಕು.

ನಮ್ಮ ಕಡಲಿನಲ್ಲಿ ಜನವರಿಯ ಚಳಿ ಹಿಡಿಯುವುದು ನೀರಿನಲ್ಲಲ್ಲ, ದೋಣಿಯಲ್ಲಿ. ಒದ್ದೆ ಸೂಟಿನ ಮೇಲೆ ಗಾಳಿ ಬೀಸಿದಷ್ಟೂ ನೀರು ಆವಿಯಾಗಿ ಮೈಯ ಶಾಖ ಒಯ್ಯುತ್ತದೆ, ಎರಡನೇ ಸಲ ಇಳಿಯುವಾಗ ಶುರುವಿನಲ್ಲೇ ಮೈ ಸೋತಿರುತ್ತದೆ. ಮೇಲೆ ಬಂದ ಕೂಡಲೇ ಸೂಟನ್ನು ಸೊಂಟದವರೆಗಾದರೂ ಇಳಿಸಿ, ಒರೆಸಿಕೊಂಡು, ಗಾಳಿ ತೂರದ ಜಾಕೆಟ್ ತೊಟ್ಟರೆ ಎರಡು ಮಿಲಿಮೀಟರ್ ದಪ್ಪ ಹೆಚ್ಚು ಕೊಂಡಷ್ಟು ಲಾಭ. ಸಾವಿರಾರು ರೂಪಾಯಿಯ ಸೂಟ್ ತಂದು ಮುನ್ನೂರು ರೂಪಾಯಿಯ ರೇನ್‌ಕೋಟ್ ಮನೆಯಲ್ಲಿ ಬಿಟ್ಟು ಬರುವವರೇ ಹೆಚ್ಚು.

ಕೊಂಡ ಸೂಟ್ ನಮ್ಮ ಕರಾವಳಿಯಲ್ಲಿ ಹಾಳಾಗುವುದು ಕಡಲಿನಿಂದಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ. ಪ್ರತಿ ಸಲ ಸಿಹಿನೀರಿನಲ್ಲಿ ನೆನೆಸಿ ಉಪ್ಪು ತೆಗೆದು ನೆರಳಿನಲ್ಲಿ ಒಣಗಿಸಬೇಕು, ಬಿಸಿಲು ರಬ್ಬರನ್ನು ಮುದಿ ಮಾಡುತ್ತದೆ. ಮಡಿಸಿ ಕಪಾಟಿನಲ್ಲಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಮಡಿಕೆಯ ಜಾಗದಲ್ಲಿ ಗುಳ್ಳೆಗಳು ಚಪ್ಪಟೆಯಾಗಿ ಮತ್ತೆ ಉಬ್ಬುವುದಿಲ್ಲ. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಶಾಖಕ್ಕೂ ಹೊಗೆಗೂ ರಬ್ಬರ್ ಗಟ್ಟಿಯಾಗುತ್ತದೆ. ಅಗಲ ಹೆಗಲಿನ ಹ್ಯಾಂಗರಿಗೆ ಹಾಕಿ ಗಾಳಿಯಾಡುವ ಕೋಣೆಯಲ್ಲಿ ತೂಗುಹಾಕಿ, ಜಿಪ್ಪಿಗೆ ಮೇಣ ಸವರಿಡಿ. ಅಕ್ಟೋಬರಿನಲ್ಲಿ ಮೊದಲ ಸಲ ತೆಗೆದಾಗ ಮಂಡಿ, ಮೊಣಕೈಗಳ ಬಳಿ ಬಗ್ಗಿಸಿ ನೋಡಿ. ಸಣ್ಣ ಸೀಳಿದ್ದರೆ ನಿಯೋಪ್ರೀನ್ ಅಂಟು ಸಾಕು. ಬಗ್ಗಿಸಿದಲ್ಲೆಲ್ಲ ಬಿರುಕು ಬಿಡುತ್ತಿದ್ದರೆ ತಣ್ಣೀರಿಗೆ ಅದರ ಆಯುಸ್ಸು ಮುಗಿಯಿತು. ತೋಳನ್ನೂ ಕಾಲನ್ನೂ ಅರ್ಧಕ್ಕೆ ಕತ್ತರಿಸಿದರೆ ಏಪ್ರಿಲ್–ಮೇಯ 30 ಡಿಗ್ರಿಯ ನೀರಿಗೆ ಇನ್ನೆರಡು ವರ್ಷ ಬರುತ್ತದೆ.